ಕುಸಿದ ತಡೆಗೋಡೆ, ಹಿಂದೆ ನಿಂತ ನೀರು

ಸುಳ್ಯದ ಹತ್ತಿರ ಚಿಕ್ಕಪ್ಪನ ಮನೆ. ಈ ಕಡೆಯ ಹೆಚ್ಚಿನ ಮನೆಗಳ ಹಾಗೆ ಗುಡ್ಡದ ಬುಡ ಕಡಿದು, ಮಟ್ಟ ಮಾಡಿ ಕಟ್ಟಿದ್ದು. ಹಿಂಬದಿಗೆ 3 ಮೀಟರ್ ಎತ್ತರದ ಬರೆ, ಅಂದರೆ ಗುಡ್ಡ ಕಡಿದಾಗ ಉಳಿದ ನೆಟ್ಟಗಿನ ಮಣ್ಣಿನ ಮೈ. ಅದರ ಮುಂದೆ 12 ಮೀಟರ್ ಉದ್ದದ ತಡೆಗೋಡೆ. ಜುಲೈಯ ಜಡಿಮಳೆಗೆ ಗೋಡೆಯ ನಡುಭಾಗ, ಸುಮಾರು 5 ಮೀಟರ್, ಅಂಗಳಕ್ಕೆ ಬಿತ್ತು. ಹಿಂದಿನ ಮಣ್ಣೂ ಜೊತೆಗೆ ಬಂತು. ಬಟ್ಟೆ ಒಗೆಯುವ ಕಲ್ಲು ಹೂತುಹೋಯಿತು. ಅಡುಗೆಮನೆಗೆ ಒಂದು ಗೇಣು ಬಾಕಿ ಇರುವಾಗ ಮಣ್ಣು ನಿಂತಿತು. ಯಾರಿಗೂ ಏನೂ ಆಗಲಿಲ್ಲ.

ನಾನು ಸಿವಿಲ್ ಕೆಲಸದವನು. "ಒಮ್ಮೆ ಬಂದು ನೋಡು ಮಾರಾಯ, ನಿದ್ದೆ ಬರುವುದಿಲ್ಲ" ಅಂತ ಚಿಕ್ಕಪ್ಪ ಫೋನ್ ಮಾಡಿದರು. 2018ರ ಆಗಸ್ಟ್‌ನಲ್ಲಿ ಮಡಿಕೇರಿ ದಾರಿಯ ಜೋಡುಪಾಲದ ಕಡೆ ಗುಡ್ಡ ಜಾರಿದ ಮೇಲೆ ಇಲ್ಲಿಯವರಿಗೆ ಬರೆ ಅಂದರೆ ಹೆದರಿಕೆ. ಅದು ಇರಬೇಕಾದ ಹೆದರಿಕೆಯೇ.

ಹೋದವನು ಮೊದಲು ಬಿದ್ದ ಜಾಗ ನೋಡಲಿಲ್ಲ, ಬೀಳದೆ ಉಳಿದ ಎರಡು ತುದಿ ನೋಡಿದೆ. ಗೋಡೆ ಹೇಗೆ ಸತ್ತಿತು ಅಂತ ಅಲ್ಲೇ ಗೊತ್ತಾಗುವುದು. ಒಂದೂವರೆ ಅಡಿ ದಪ್ಪದ ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಬುಡದಿಂದ ತಲೆವರೆಗೆ ಒಂದೇ ದಪ್ಪ. ಮುಂಭಾಗಕ್ಕೆ ಚಂದದ ಸಿಮೆಂಟ್ ಗಾರೆ, ಮೇಲೆ ಬಣ್ಣ. ನೆಲದಿಂದ ಒಂದು ಮೀಟರ್ ಮೇಲೆ ಗೋಡೆ ಹೊಟ್ಟೆ ಬಿಟ್ಟಿತ್ತು. ನೀರು ಹೋಗಲಿಕ್ಕೆ ಅಂತ ಇಟ್ಟ ಪಿವಿಸಿ ಪೈಪು ಅಲ್ಲೊಂದು ಇಲ್ಲೊಂದು ಇತ್ತು. ಒಂದರೊಳಗೆ ಕಬ್ಬಿಣದ ಸರಳು ತೂರಿಸಿದೆ. ಅರ್ಧ ಅಡಿ ಹೋಗಿ ಗಟ್ಟಿಮಣ್ಣಿಗೆ ಬಡಿಯಿತು. ಪೈಪಿನ ಹಿಂದೆ ಜಲ್ಲಿ ಇಲ್ಲ, ಬಲೆ ಇಲ್ಲ, ಸೀದಾ ಮಣ್ಣು. ಮೊದಲ ವರ್ಷವೇ ಕಟ್ಟಿಕೊಂಡಿರಬೇಕು.

ಚಿಕ್ಕಮ್ಮ ಹೇಳಿದ ಮಾತು ಇದಕ್ಕಿಂತ ಮುಖ್ಯದ್ದು. "ಪ್ರತಿ ಮಳೆಗಾಲ ಗೋಡೆ ಸಂದಿಯಲ್ಲಿ ತಿಳಿನೀರು ಒಸರುತ್ತಿತ್ತು. ಈ ಸಲ ಬೀಳುವ ಮೊದಲು ಕೆಂಪು ನೀರು ಬರಲಿಕ್ಕೆ ಶುರುವಾಯಿತು. ನಾನು ಹೇಳಿದ್ರೆ ಯಾರು ಕೇಳ್ತಾರೆ?" ಕೇಳಬೇಕಿತ್ತು. ನೀರು ಕೆಂಪಾಗಿ ಬಂದರೆ ಅದು ಮಣ್ಣನ್ನೂ ಹೊತ್ತು ತರುತ್ತಿದೆ, ಹಿಂದೆ ಪೊಳ್ಳಾಗುತ್ತಿದೆ ಅಂತ ಅರ್ಥ. ಹಾಗೆ ಕಂಡರೆ ಆ ಬದಿಯ ಕೋಣೆಯಲ್ಲಿ ಮಲಗಬಾರದು.

ಬರೆ ಹತ್ತಿ ನೋಡಿದರೆ ಮೇಲೆ ರಬ್ಬರ್ ತೋಟ. ಉಳಿದ ಗೋಡೆಯ ಹಿಂದೆ, ಗೋಡೆಗೆ ಸಮಾನಾಂತರವಾಗಿ, ನೆಲ ಬಿರಿದಿತ್ತು. ಟೇಪ್ ಹಿಡಿದೆ, ಗೋಡೆಯ ಹಿಂಬದಿಯಿಂದ ಆರಡಿಗೆ ಸ್ವಲ್ಪ ಕಡಿಮೆ. ಆ ಬಿರುಕಿನಿಂದ ನಾಲ್ಕು ಹೆಜ್ಜೆ ಆಚೆ ಸಾಲಾಗಿ ಇಂಗುಗುಂಡಿಗಳು. ಬಾವಿಗೆ ನೀರಾಗಲಿ ಅಂತ ಚಿಕ್ಕಪ್ಪ ಎರಡು ವರ್ಷದ ಹಿಂದೆ ತೋಡಿಸಿದ್ದು. ಇಂಗುಗುಂಡಿ ಒಳ್ಳೆಯದೇ. ಆದರೆ ಕಡಿದ ಬರೆಯ ನೆತ್ತಿಯಲ್ಲಿ ತೋಡಿದರೆ ನೀರು ಬಾವಿಗೆ ಹೋಗುವ ಮೊದಲು ಗೋಡೆಯ ಬೆನ್ನಿಗೆ ಬರುತ್ತದೆ. ವರ್ಷಕ್ಕೆ 3500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುವ ಜಿಲ್ಲೆ ಇದು.

ಆ ದಿನ ಮಾಡಿದ್ದು ಇಷ್ಟೇ. ಬಿರುಕಿಗೆ ಜೇಡಿಮಣ್ಣು ತುಂಬಿ ಮೇಲೆ ಟಾರ್ಪಾಲು ಹಾಸಿದೆವು. ಗುಂಡಿಗಳ ನೀರನ್ನು ಬದಿಯ ತೋಡಿಗೆ (ಸಣ್ಣ ಹಳ್ಳಕ್ಕೆ) ತಿರುಗಿಸಿದೆವು. ಬಿದ್ದ ಮಣ್ಣನ್ನು ಮುಟ್ಟಲಿಲ್ಲ. ನೆರೆಯವರು ಜೆಸಿಬಿ ತರಿಸಿ ಕ್ಲೀನ್ ಮಾಡಿಸಿ ಅಂದರು. ಬೇಡ ಅಂದೆ. ಬಿದ್ದ ಮಣ್ಣೇ ಆಗ ಬರೆಯ ಬುಡಕ್ಕೆ ಆಸರೆ. ಮಳೆಗಾಲದ ನಡುವೆ ಅದನ್ನು ತೆಗೆದರೆ ಮೇಲಿನದ್ದು ಬರುತ್ತದೆ.

ಇಷ್ಟು ವರ್ಷ ನಿಂತದ್ದು ಯಾಕೆ?

ಚಿಕ್ಕಪ್ಪನ ಪ್ರಶ್ನೆ ಸರಿಯಾಗಿಯೇ ಇತ್ತು. "ಹದಿನೈದು ವರ್ಷ ನಿಂತ ಗೋಡೆ ಈಗ ಯಾಕೆ ಬಿತ್ತು?"

ಲೆಕ್ಕ ಹಾಕಿದರೆ ಅದು ಮೊದಲ ವರ್ಷವೇ ಬೀಳಬೇಕಿತ್ತು. ನೆಲದ ಮಣ್ಣು ಬದಿಗೆ ಎಷ್ಟು ಒತ್ತುತ್ತದೆ ಅನ್ನುವುದಕ್ಕೆ ಒಂದು ಸರಳ ಲೆಕ್ಕ ಉಂಟು. ಮಣ್ಣಿನ ಘರ್ಷಣ ಕೋನ (ಸುಮಾರಿಗೆ, ಅಂಟಿಲ್ಲದ ಮಣ್ಣಿನ ರಾಶಿ ಜಾರದೆ ನಿಲ್ಲುವ ಓರೆ) 30 ಡಿಗ್ರಿ ಅಂತ ಹಿಡಿದರೆ, ಯಾವುದೇ ಆಳದಲ್ಲಿ ಮೇಲಿನ ಮಣ್ಣಿನ ಭಾರದ ಮೂರನೇ ಒಂದು ಭಾಗ ಅಡ್ಡಕ್ಕೆ ಒತ್ತುತ್ತದೆ. ಇದು ಗೋಡೆ ಒಂಚೂರು ಮುಂದಕ್ಕೆ ಬಾಗಲು ಬಿಟ್ಟಾಗಿನ ಒತ್ತಡ. ಸಿವಿಲ್‌ನವರು ಆ್ಯಕ್ಟಿವ್ ಪ್ರೆಶರ್ ಅನ್ನುತ್ತಾರೆ. ಆಳ ಹೋದಷ್ಟೂ ಜಾಸ್ತಿ ಆಗುತ್ತಾ ಹೋಗುವುದರಿಂದ ಒತ್ತಡದ ಚಿತ್ರ ತ್ರಿಕೋನ. ಒಟ್ಟು ತಳ್ಳುವ ಬಲ ಬುಡದಿಂದ ಮೂರನೇ ಒಂದು ಎತ್ತರದಲ್ಲಿ ಕೂತ ಹಾಗೆ ಲೆಕ್ಕ. 3 ಮೀಟರ್ ಗೋಡೆಗೆ ಅದು 1 ಮೀಟರ್. ಗೋಡೆ ಹೊಟ್ಟೆ ಬಿಟ್ಟ ಎತ್ತರವೂ ಸುಮಾರಿಗೆ ಅದೇ.

ಘನ ಮೀಟರ್ ಮಣ್ಣು 1.8 ಟನ್ ಅಂತ ಹಿಡಿದರೆ, ಪ್ರತಿ ಮೀಟರ್ ಉದ್ದಕ್ಕೆ ತಳ್ಳುವ ಬಲ 2.7 ಟನ್. ಅದು ಕೂತ 1 ಮೀಟರ್ ಎತ್ತರದಿಂದ ಗುಣಿಸಿದರೆ, ಬುಡದ ಸುತ್ತ ಗೋಡೆಯನ್ನು ಮಗುಚುವ ಶಕ್ತಿ 2.7 ಟನ್-ಮೀಟರ್. ಹಳೆ ಗೋಡೆಯ ತೂಕವೂ ಹೆಚ್ಚುಕಡಿಮೆ 2.7 ಟನ್ನೇ. ಆದರೆ ಅದರ ದಪ್ಪ 45 ಸೆಂಟಿಮೀಟರ್, ತೂಕ ಕೂರುವುದು ನಡುವಿನಲ್ಲಿ. ಹಾಗಾಗಿ ಎದುರು ನಿಲ್ಲುವ ಶಕ್ತಿ 0.6 ಟನ್-ಮೀಟರ್ ಮಾತ್ರ. ಬೇಕಾದ್ದರ ಕಾಲು ಭಾಗವೂ ಇಲ್ಲ.

ಹಾಗಾದರೆ ನಿಂತದ್ದು ಹೇಗೆ? ಬರೆ ತಾನೇ ನಿಂತಿತ್ತು, ಅದಕ್ಕೆ. ನಮ್ಮ ಕೆಂಪು ಮಣ್ಣನ್ನು ನೆಟ್ಟಗೆ ಕಡಿದರೂ ಬೀಳುವುದಿಲ್ಲ. ರಸ್ತೆ ಬದಿಯಲ್ಲಿ ಎರಡಾಳು ಎತ್ತರದ ಬರೆ ಗೋಡೆಯೇ ಇಲ್ಲದೆ ನಿಂತದ್ದು ಎಲ್ಲರೂ ನೋಡಿದ್ದೇವೆ, ಅಲ್ವಾ? ಮಣ್ಣಿನ ಕಣಗಳಿಗೆ ಅಂಟು ಉಂಟು. ಒಣಗಿದ ಮಣ್ಣಿನ ಸಣ್ಣ ಸಂದಿಗಳಲ್ಲಿ ಉಳಿದ ತೇವ ಕಣಗಳನ್ನು ಒಳಕ್ಕೆ ಎಳೆದು ಹಿಡಿಯುತ್ತದೆ. ಆ ಹಿಡಿತ ಇರುವವರೆಗೆ ಮುಂದಿನ ಗೋಡೆಗೆ ಕೆಲಸವೇ ಇಲ್ಲ, ಸುಮ್ನೆ ನಿಂತಿರುತ್ತದೆ. ನೀರು ತುಂಬಿದರೆ ಆ ಎಳೆತ ಹೋಯಿತು. ಗೋಡೆಗೆ ನಿಜವಾದ ಕೆಲಸ ಶುರುವಾಗುವುದು ಆಗ. ಹದಿನೈದು ವರ್ಷ ಆ ಗೋಡೆ ಏನನ್ನೂ ತಡೆದಿರಲಿಲ್ಲ. ಇಂಗುಗುಂಡಿ ಬಂದ ಮೇಲೆ ಮೊದಲ ಸಲ ತಡೆಯಬೇಕಾಗಿ ಬಂತು.

ನೀರು ಅಂಟನ್ನು ತೆಗೆಯುವುದು ಮಾತ್ರ ಅಲ್ಲ, ತಾನೂ ಒತ್ತುತ್ತದೆ. ಗೋಡೆಯ ಬೆನ್ನಿಗೆ ತಲೆವರೆಗೆ ನೀರು ನಿಂತಿತು ಅಂತಿಟ್ಟುಕೊಳ್ಳಿ. ನೀರಿನಲ್ಲಿ ಮುಳುಗಿದ ಮಣ್ಣು ಹಗುರವಾಗಿ, ಅದರ ಪಾಲು 2.7ರಿಂದ 1.5 ಟನ್ನಿಗೆ ಇಳಿಯುತ್ತದೆ. ಆದರೆ ನೀರಿಗೆ ಈ ಮೂರನೇ ಒಂದು ಭಾಗದ ರಿಯಾಯಿತಿ ಇಲ್ಲ. ಅದು ಕೆಳಕ್ಕೆ ಎಷ್ಟೋ ಅಡ್ಡಕ್ಕೂ ಅಷ್ಟೇ ಒತ್ತುತ್ತದೆ. ಅದರ ಪಾಲು 4.5 ಟನ್. ಎರಡೂ ಸೇರಿ 6 ಟನ್. ಅಂದರೆ ಒಣ ಮಣ್ಣಿನ ಎರಡು ಪಟ್ಟಿಗಿಂತ ಜಾಸ್ತಿ, ಮತ್ತು ಅದರಲ್ಲಿ ಮುಕ್ಕಾಲು ಪಾಲು ಬರೀ ನೀರು. ತಡೆಗೋಡೆ ಕಟ್ಟುವವರು ಬೇರೆಲ್ಲ ಮರೆತರೂ ಈ ಎರಡು ಸಂಖ್ಯೆ ನೆನಪಿಟ್ಟರೆ ಸಾಕು: 2.7 ಮತ್ತು 6.

ಮೇಲಿನ ಬಿರುಕೂ ಲೆಕ್ಕಕ್ಕೆ ಸರಿಯಾಗಿ ಸಿಕ್ಕಿತು. 30 ಡಿಗ್ರಿಯ ಮಣ್ಣು ಬುಡದಿಂದ 60 ಡಿಗ್ರಿ ಓರೆಯಲ್ಲಿ ಕಡಿದುಕೊಂಡು ಜಾರುತ್ತದೆ. 3 ಮೀಟರ್ ಎತ್ತರಕ್ಕೆ ಆ ಓರೆ ಮೇಲೆ ಬರುವುದು ಗೋಡೆಯಿಂದ 1.73 ಮೀಟರ್ ಹಿಂದೆ, ಅಂದರೆ ಐದೂ ಮುಕ್ಕಾಲು ಅಡಿಯ ಆಸುಪಾಸು. ಮಣ್ಣು ಯಾವಾಗಲೂ ಪುಸ್ತಕದ ಹಾಗೆ ನಡೆಯುವುದಿಲ್ಲ. ಈ ಸಲ ನಡೆಯಿತು.

ಹೊಸ ಗೋಡೆಯ ಆಕಾರ

ಕೆಲಸ ಶುರು ಮಾಡಿದ್ದು ಡಿಸೆಂಬರ್‌ನಲ್ಲಿ, ಬರೆ ಪೂರಾ ಒಣಗಿದ ಮೇಲೆ. ಆರ್‌ಸಿಸಿ ಗೋಡೆಯ ಯೋಚನೆಯೂ ಇತ್ತು. ಆದರೆ ಆ ಕೆಲಸಕ್ಕೆ ಕಂಬಿ ಕಟ್ಟುವವರು, ಸೆಂಟ್ರಿಂಗ್‌ನವರು, ಮನೆ ಹಿಂದಕ್ಕೆ ಕಾಂಕ್ರೀಟ್ ಮುಟ್ಟಿಸುವ ದಾರಿ ಎಲ್ಲ ಬೇಕು. ಶಿಲೆಕಲ್ಲು ಹತ್ತಿರದಲ್ಲಿ ಸಿಗುತ್ತದೆ, ಕಟ್ಟುವ ಕೈಗಳೂ ಇದ್ದವು. ಹಾಗಾಗಿ ತನ್ನ ತೂಕದಿಂದಲೇ ನಿಲ್ಲುವ ಕಲ್ಲಿನ ಗೋಡೆ ಅಂತ ತೀರ್ಮಾನ ಆಯಿತು. ಮುರಕಲ್ಲು ಬೇಡ ಅಂದದ್ದು ತೂಕ ಕಡಿಮೆ ಅಂತ.

ತಲೆಯಲ್ಲಿ 60 ಸೆಂಟಿಮೀಟರ್, ಬುಡದಲ್ಲಿ 1.8 ಮೀಟರ್. ಬೆನ್ನು ನೆಟ್ಟಗೆ, ಮುಖ ಬರೆಯ ಕಡೆಗೆ ಓರೆ. ಮಣ್ಣು ಬಿದ್ದು ಹಿಂದೆ ಜಾಗ ಆಗಿದ್ದರಿಂದ ಅಂಗಳ ಸಣ್ಣದಾಗಲಿಲ್ಲ.

ಅಳತೆ ಕೇಳಿ ಮೇಸ್ತ್ರಿ ನಕ್ಕರು. "ಎಂತ ಮಾರಾಯ್ರೆ, ಆರಡಿ ದಪ್ಪವಾ? ನೀವೆಂತ ಕೋಟೆ ಕಟ್ಟಿಸ್ಲಿಕ್ಕುಂಟಾ?"

ಅವರು ತಮಾಷೆಗೆ ಅಂದದ್ದು. ಆದರೆ ಈ ಲೆಕ್ಕ ಹುಟ್ಟಿದ್ದೇ ಕೋಟೆ ಕಟ್ಟಿದ ಕೈಯಲ್ಲಿ. ಕರೆಂಟಿನ ಪಾಠದಲ್ಲಿ ಬರುವ ಕುಲಂಬ್ ಮೂಲದಲ್ಲಿ ಫ್ರೆಂಚ್ ಸೈನ್ಯದ ಎಂಜಿನಿಯರ್. 1764ರಿಂದ 1772ರವರೆಗೆ ಕೆರಿಬಿಯನ್ ಸಮುದ್ರದ ಮಾರ್ಟಿನಿಕ್ ದ್ವೀಪದಲ್ಲಿದ್ದ, ಅಲ್ಲಿ ಬೂರ್ಬೋನ್ ಕೋಟೆಯ ಕೆಲಸ ನೋಡಿಕೊಂಡ. ಊರಿಗೆ ಬಂದ ಮೇಲೆ, ಗೋಡೆಯ ಹಿಂದಿನ ಮಣ್ಣು ಒಂದು ಬೆಣೆಯಾಗಿ ಜಾರುತ್ತದೆ ಅನ್ನುವ ಲೆಕ್ಕವನ್ನು ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿಯ ಮುಂದಿಟ್ಟ. ಅದು ಅಚ್ಚಾದದ್ದು 1776ರಲ್ಲಿ. ಮೂರನೇ ಒಂದು ಭಾಗದ ಸುಲಭ ಸೂತ್ರ ಸ್ಕಾಟ್ಲೆಂಡಿನ ಎಂಜಿನಿಯರ್ ರ್‍ಯಾಂಕಿನ್‌ದು, 1857ರದ್ದು. ಮೇಸ್ತ್ರಿಗೆ ಇದೆಲ್ಲ ಹೇಳಲಿಲ್ಲ. 2.7 ಮತ್ತು 6 ಮಾತ್ರ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನೀರು ತೆಗೆದ್ರೆ ಸಾಕಲ್ವಾ, ದಪ್ಪ ಯಾಕೆ?" ಅಂತ ಕೇಳಿದರು. ಒಳ್ಳೆ ಪ್ರಶ್ನೆ.

ದಪ್ಪ ಬೇಕಾದ್ದು ಆ 2.7 ಟನ್ನಿಗೆ. ಹೊಸ ಗೋಡೆಯ ತೂಕ ಮೀಟರಿಗೆ 8.3 ಟನ್. ಮಗುಚುವುದರ ಎದುರು ಮೂರು ಪಟ್ಟಿಗಿಂತ ಜಾಸ್ತಿ ಶಕ್ತಿ, ಎರಡು ಪಟ್ಟು ಇದ್ದರೆ ಸಾಕು. ಜಾರುವುದು ಬೇರೆ ಲೆಕ್ಕ. ಬುಡದಲ್ಲಿ ತೂಕದ ಅರ್ಧದಷ್ಟು ಘರ್ಷಣೆ ಅಂತ ಹಿಡಿದರೆ 4.1 ಟನ್. 2.7ರ ಒಂದೂವರೆ ಪಟ್ಟು, ಅಷ್ಟು ಬೇಕೇ ಬೇಕು. ಈಗ ಹಿಂದೆ ನೀರು ನಿಂತಿತು ಅನ್ನಿ, 6 ಟನ್ನಿನ ಎದುರು 4.1. ಇಷ್ಟು ದಪ್ಪದ ಗೋಡೆಯೂ ಮಗುಚದೆ ಇಡಿಯಾಗಿ ಮುಂದಕ್ಕೆ ಜಾರಿ ಹೋಗುತ್ತದೆ. ನೀರಿಗೂ ಸಾಕಾಗುವಷ್ಟು ದಪ್ಪ ಮಾಡುತ್ತಾ ಹೋದರೆ ಅಂಗಳವೂ ಉಳಿಯುವುದಿಲ್ಲ, ದುಡ್ಡೂ ಉಳಿಯುವುದಿಲ್ಲ. ಹಾಗಾಗಿ ಕಲ್ಲು ಮಣ್ಣಿಗೆ, ಜಲ್ಲಿ ನೀರಿಗೆ. (ಇಲ್ಲಿ ಹೇಳಿದ್ದು ಅಂಗಳದಿಂದ ಮೇಲಿನ 3 ಮೀಟರ್ ಲೆಕ್ಕ ಮಾತ್ರ. ಅಡಿಪಾಯದ ತಳದವರೆಗೂ ಬೇರೆಯಾಗಿ ಹಾಕಿ ನೋಡಿದೆ, ಅಲ್ಲೂ ಒಂದೂವರೆ ಪಟ್ಟು ದಾಟುತ್ತದೆ. ಮಣ್ಣಿನ ಅಂಟನ್ನು ಎಲ್ಲೂ ಲೆಕ್ಕಕ್ಕೆ ಹಿಡಿಯಲಿಲ್ಲ. ಮಳೆಯಲ್ಲಿ ಕೈಕೊಡುವುದನ್ನು ನಂಬುವುದು ಹೇಗೆ?)

ಅಗೆತ

ಹನ್ನೆರಡು ಮೀಟರನ್ನೂ ಒಟ್ಟಿಗೆ ಬಿಚ್ಚಲಿಲ್ಲ. ಬಿದ್ದ ಭಾಗ ಮೊದಲು, ಅದು ಎದೆ ಮಟ್ಟ ಬಂದ ಮೇಲೆ ಎಡ ತುದಿ. ಮೇಲಿನ ಬಿರುಕು ಬಿಟ್ಟ ಮಣ್ಣನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಇಳಿಸಿದೆವು. ಕೆಳಗೆ ಆಳು ಇರುವಾಗ ಮೇಲೆ ಒಬ್ಬ ನೋಡುತ್ತಾ ನಿಲ್ಲಬೇಕು ಅನ್ನುವ ನಿಯಮ ಮಾಡಿದ್ದೆ. ಊಟದ ಹೊತ್ತಿಗೆ ಅದು ಸಡಿಲ ಆಗುತ್ತಿತ್ತು, ಮತ್ತೆ ಹೇಳಬೇಕಾಗುತ್ತಿತ್ತು. ತಡೆಗೋಡೆ ಕೆಲಸದಲ್ಲಿ ಜೀವ ಹೋಗುವುದು ಹೆಚ್ಚಾಗಿ ಈ ಹಂತದಲ್ಲೇ. ಕಟ್ಟಿದ ಗೋಡೆ ಬಿದ್ದಲ್ಲ, ಕಟ್ಟಲಿಕ್ಕೆ ತೋಡಿದ ಗುಂಡಿಗೆ ಬರೆ ಜರಿದು.

ಅಡಿಪಾಯಕ್ಕೆ ಅರ್ಧ ಮೀಟರ್ ಹೋಗುವಾಗಲೇ ಮಣ್ಣಿನ ಬಣ್ಣ ತಿರುಗಿತು. ಕೆಂಪು ಹೋಗಿ ಹಳದಿ, ನಡುವೆ ಬಿಳಿ, ಅಲ್ಲಲ್ಲಿ ತಿಳಿ ಗುಲಾಬಿ. ಮೇಸ್ತ್ರಿ ಒಂದು ಹೆಂಟೆ ತೆಗೆದು ಬೆರಳಲ್ಲಿ ಉಜ್ಜಿ, "ಶೇಡಿ" ಅಂದರು. ಕರಾವಳಿಯ ಮುರಕಲ್ಲಿನ ಅಡಿಯಲ್ಲಿ ಇರುವ ಮಣ್ಣು ಇದು. ಎಂಜಿನಿಯರುಗಳು ಲಿಥೊಮಾರ್ಜ್ ಅನ್ನುತ್ತಾರೆ, ಸುರತ್ಕಲ್‌ನ ಎಂಜಿನಿಯರಿಂಗ್ ಸಂಸ್ಥೆ ಎನ್‌ಐಟಿಕೆಯಲ್ಲಿ ಇದರ ಮೇಲೆ ಬಹಳ ಕೆಲಸ ಆಗಿದೆ. ಒಣಗಿದ್ದಾಗ ಪಿಕಾಸಿಗೂ ಜಗ್ಗುವುದಿಲ್ಲ. ಚಿಕ್ಕಪ್ಪ "ಎಷ್ಟು ಗಟ್ಟಿ ಉಂಟು ನೋಡು, ಇಲ್ಲೇ ನಿಲ್ಲಿಸಿದರೆ ಆಗದಾ?" ಅಂದರು.

ಚಿಕ್ಕಮ್ಮನ ಹತ್ತಿರ ಎರಡು ಗಾಜಿನ ಲೋಟ ಕೇಳಿ ತಂದೆ. ಒಂದರಲ್ಲಿ ಮೇಲಿನ ಕೆಂಪು ಮಣ್ಣಿನ ಹೆಂಟೆ, ಇನ್ನೊಂದರಲ್ಲಿ ಶೇಡಿಯ ಹೆಂಟೆ, ಎರಡಕ್ಕೂ ನೀರು ತುಂಬಿ ಜಗಲಿಯ ಮೇಲೆ ಇಟ್ಟೆ. ಕೆಂಪಿನದ್ದು ಒಂದೆರಡು ಗುಳ್ಳೆ ಬಿಟ್ಟು ಹಾಗೇ ಕೂತಿತು. ಶೇಡಿ ಚಹಾಕ್ಕೆ ಅದ್ದಿದ ರಸ್ಕಿನ ಹಾಗೆ ಅಂಚಿನಿಂದ ಪದರು ಪದರಾಗಿ ಉದುರಿತು. ನಾವು ಮಾತಾಡುತ್ತಿರುವಾಗಲೇ ಲೋಟದ ಅಡಿಯಲ್ಲಿ ಬಿಳಿ ರಾಡಿ ಮಾತ್ರ ಉಳಿಯಿತು. ಚಿಕ್ಕಪ್ಪ ಮತ್ತೆ ಅಲ್ಲೇ ನಿಲ್ಲಿಸುವ ಮಾತು ಎತ್ತಲಿಲ್ಲ.

ಶೇಡಿ ಎಷ್ಟು ಆಳಕ್ಕೆ ಹೋದರೂ ಮುಗಿಯದಿರಬಹುದು. ಅದನ್ನು ದಾಟಿ ಹೋಗುವ ಬದಲು ಅದಕ್ಕೆ ನೀರು ಮುಟ್ಟದ ಹಾಗೆ ನೋಡಿಕೊಳ್ಳುವುದೇ ದಾರಿ. 75 ಸೆಂಟಿಮೀಟರ್ ಆಳ, ಎಂಟಡಿ ಅಗಲ ತೋಡಿ, ತಳವನ್ನು ಬರೆಯ ಕಡೆಗೆ ಸ್ವಲ್ಪ ತಗ್ಗಾಗಿ ಇಳಿಜಾರು ಮಾಡಿದೆವು. ಗೋಡೆ ಮುಂದಕ್ಕೆ ಜಾರಬೇಕಾದರೆ ಏರು ಹತ್ತಬೇಕು. ತೋಡಿದ ದಿನವೇ ಬೆಡ್ ಕಾಂಕ್ರೀಟ್ ಹಾಕಿ ಮುಚ್ಚಿದೆವು. ಶೇಡಿಯನ್ನು ರಾತ್ರಿಯ ಮಂಜಿಗೂ ತೆರೆದಿಡಬಾರದು.

ಕಲ್ಲು, ಪೈಪು, ಜಲ್ಲಿ

ಕಲ್ಲು ಕಟ್ಟುವ ವಿಷಯದಲ್ಲಿ ನಾನು ಹೇಳುವುದಕ್ಕೇನೂ ಇರಲಿಲ್ಲ, ಮೇಸ್ತ್ರಿಯ ಕೈ ಚೆನ್ನಾಗಿತ್ತು. ಒಂದು ವಿಷಯಕ್ಕೆ ಮಾತ್ರ ಹಟ ಹಿಡಿದೆ: ಅಲ್ಲಲ್ಲಿ ಗೋಡೆಯ ಒಳಕ್ಕೆ ಆಳವಾಗಿ ಹೋಗುವ ಉದ್ದ ಕಲ್ಲು ಹಾಕಬೇಕು. ಇಲ್ಲದಿದ್ದರೆ ಮುಂದಿನ ಪದರು, ಹಿಂದಿನ ಪದರು ಬೇರೆ ಬೇರೆ ಗೋಡೆಗಳಾಗಿ ನಿಲ್ಲುತ್ತವೆ. ನಡುವೆ ಚೂರುಕಲ್ಲು ಸುರಿದು ಸಿಮೆಂಟ್ ಹಾಲು ಹೊಯ್ಯುವ ಚಾಳಿ ಹಲವು ಕಡೆ ಉಂಟು. ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ.

ಜಗಳ ಆದದ್ದು ಜಲ್ಲಿಗೆ. ಗೋಡೆಯ ಬೆನ್ನಿಗೆ ಒಂದಡಿ ದಪ್ಪಕ್ಕೆ ಬುಡದಿಂದ ತಲೆಯ ಹತ್ತಿರದವರೆಗೆ 40 ಎಂಎಂ ಜಲ್ಲಿ. ಲೋಡುಗಟ್ಟಲೆ ಬೇಕು. "ಕಾಣದ ಜಾಗಕ್ಕೆ ಇಷ್ಟು ದುಡ್ಡಾ? ಹಳೆ ಗೋಡೆಯ ಮುರಕಲ್ಲು ಚೂರು ಹಾಕುವ" ಅಂತ ಚಿಕ್ಕಪ್ಪ. ಮುರಕಲ್ಲಿನ ಚೂರು ವರ್ಷ ಕಳೆದಂತೆ ಪುಡಿಯಾಗಿ ಮಣ್ಣೇ ಆಗುತ್ತದೆ. ಕೊನೆಗೆ ಗೋಡೆಯ ಮುಖಕ್ಕೆ ಅವರಿಗೆ ಬೇಕಿದ್ದ ಗಾರೆ, ಬಣ್ಣ ಬಿಟ್ಟು ಆ ದುಡ್ಡನ್ನು ಜಲ್ಲಿಗೆ ಹಾಕಿದೆವು.

ಜಲ್ಲಿ ಮತ್ತು ಬರೆಯ ನಡುವೆ ಜಿಯೊಟೆಕ್ಸ್‌ಟೈಲ್ ಬಟ್ಟೆ. ನೀರು ಬಿಡುತ್ತದೆ, ಮಣ್ಣು ಬಿಡುವುದಿಲ್ಲ. ಇದನ್ನು ಹಾಕದಿದ್ದರೆ ಜಲ್ಲಿಯ ಸಂದಿಗಳಲ್ಲಿ ಮಣ್ಣು ತುಂಬಿ ಹಳೆಯ ಕಥೆಯೇ. ಜಲ್ಲಿಯ ಬುಡದಲ್ಲಿ, ಅಂಗಳದ ಮಟ್ಟಕ್ಕೆ, ಕಾಂಕ್ರೀಟ್ ಹಾಸಿ ಅದರ ಮೇಲೆ ತೂತು ಕೊರೆದ ಪಿವಿಸಿ ಪೈಪು ಮಲಗಿಸಿ ಬದಿಯ ತೋಡಿಗೆ ಬಿಟ್ಟೆವು. ಕಾಂಕ್ರೀಟ್ ಇಲ್ಲದಿದ್ದರೆ ಇಳಿದ ನೀರೆಲ್ಲ ಶೇಡಿಗೆ ಹೋಗುತ್ತದೆ. ಗೋಡೆಯಲ್ಲಿ ಒಂದೂವರೆ ಮೀಟರಿಗೊಂದು ಪೈಪು, ಮೇಲಿನ ಸಾಲು ಕೆಳಗಿನ ಸಾಲಿನ ನಡುವೆ ಬರುವ ಹಾಗೆ, ಬಾಯಿ ಹೊರಕ್ಕೆ ಇಳಿಜಾರು. ಹಿಂದಿನ ತುದಿಗೆ ಬಲೆ ಕಟ್ಟಿ ಜಲ್ಲಿಯೊಳಗೆ ಬಿಟ್ಟದ್ದು.

ಮಣ್ಣು ತುಂಬುವಾಗ ಒಂದು ಗೇಣಿನಷ್ಟು ಹಾಕಿ, ದಿಮ್ಮಸು ಬಡಿದು, ಮತ್ತೆ ಒಂದು ಗೇಣು. ರೋಲರ್ ತರುವ ಯೋಚನೆ ಇತ್ತು, ಬೇಡ ಅಂದೆ. ಗೋಡೆಯ ಹತ್ತಿರ ಭಾರದ ಯಂತ್ರದಿಂದ ತುಳಿಸಿದರೆ ಮಣ್ಣು ಅಡ್ಡಕ್ಕೆ ಬಿಗಿಯಾಗಿ, ಆ ಒತ್ತಡ ಗೋಡೆಯ ಮೇಲೆ ಹಾಗೇ ಉಳಿದುಬಿಡುತ್ತದೆ. ಜೆಸಿಬಿಯವನಿಗೆ ಸುಣ್ಣದಲ್ಲಿ ಗೆರೆ ಹಾಕಿ ಕೊಟ್ಟೆ, ಗೋಡೆಯಿಂದ ಎಂಟಡಿ ಒಳಗೆ ಬರಬಾರದು ಅಂತ. ಮೇಲೆ ಚದರ ಮೀಟರಿಗೆ 1 ಟನ್ ಭಾರ ಹರಡಿದರೆ ಗೋಡೆಗೆ ಇನ್ನೊಂದು 1 ಟನ್ ಒತ್ತಡ ಸೇರುತ್ತದೆ. ಅದು ಕೂರುವುದು ಗೋಡೆಯ ನಡುವಿನಲ್ಲಿ, ಒಂದೂವರೆ ಮೀಟರ್ ಎತ್ತರದಲ್ಲಿ. ಮಗುಚಲು ಅದಕ್ಕೆ ಜಾಸ್ತಿ ಅನುಕೂಲ. ಇದೇ ಕಾರಣಕ್ಕೆ, ಗೋಡೆಯ ತಲೆಯ ಹತ್ತಿರ ನೀರಿನ ಟ್ಯಾಂಕ್ ಇಡುವ ಚಿಕ್ಕಪ್ಪನ ಪ್ಲಾನ್ ತೋಟದ ಒಳಗೆ ಹೋಯಿತು.

ಕಡೆಯ ಒಂದಡಿ ಜಲ್ಲಿ ಇಲ್ಲ, ಜೇಡಿ ಬೆರೆತ ಕೆಂಪು ಮಣ್ಣು, ಗಟ್ಟಿ ಬಡಿದು ಹಿಂದಕ್ಕೆ ಇಳಿಜಾರು. ಅದರ ಹಿಂದೆ ಸಿಮೆಂಟ್ ಚರಂಡಿ. ಗೋಡೆಯ ಹಿಂದೆ ಬಂದ ನೀರನ್ನು ತೆಗೆಯುವುದಕ್ಕಿಂತ ಬರದ ಹಾಗೆ ಮಾಡುವುದು ಅಗ್ಗ. ಇಂಗುಗುಂಡಿಗಳನ್ನು ಮುಚ್ಚಿಸಿ, ತೋಟದ ಇನ್ನೊಂದು ಬದಿಗೆ, ಬಾವಿಯ ಹತ್ತಿರ ಹೊಸತು ತೋಡಿಸಿದೆವು.

ಮಳೆ

ಮೇ ತಿಂಗಳಲ್ಲಿ ಗೋಡೆಯ ತಲೆಯಿಂದ ತೂಗುಗುಂಡು ಬಿಟ್ಟು, ಬುಡದಲ್ಲಿ ಕಲ್ಲಿಗೆ ಗುರುತು ಕೊರೆದಿಟ್ಟೆ. ಗೋಡೆ ಒಂದಿಷ್ಟು ಬಾಗಲೇಬೇಕು. ಒಂಚೂರೂ ಬಾಗದಿದ್ದರೆ ಮಣ್ಣಿನ ಒತ್ತಡ ಮೂರನೇ ಒಂದು ಭಾಗದ ಬದಲು ಅರ್ಧ ಇರುತ್ತದೆ, 2.7 ಹೋಗಿ 4 ಟನ್. ಎತ್ತರದ ಸಾವಿರಕ್ಕೆ ಒಂದೆರಡು ಪಾಲು ಮುಂದೆ ಬಂದರೆ ಸಾಕು, ಒತ್ತಡ ಇಳಿಯುತ್ತದೆ. ಇಲ್ಲಿಗೆ ಅದು 3ರಿಂದ 6 ಮಿಲಿಮೀಟರ್.

ಜೂನ್ ಮೊದಲ ದೊಡ್ಡ ಮಳೆಗೆ ಕೆಳಸಾಲಿನ ಪೈಪುಗಳಲ್ಲಿ ಕೆಂಪು ನೀರು ಬಂತು. ಚಿಕ್ಕಮ್ಮ ಆ ಕೂಡಲೇ ಫೋಟೋ ಕಳಿಸಿದರು. ಜಲ್ಲಿಗೆ ಅಂಟಿದ್ದ ಧೂಳು ತೊಳೆದು ಹೋಗುವವರೆಗೆ ಹಾಗೆಯೇ, ಎರಡನೇ ವಾರಕ್ಕೂ ತಿಳಿಯಾಗದಿದ್ದರೆ ಹೇಳಿ ಅಂದೆ. ವಾರದೊಳಗೆ ತಿಳಿಯಾಯಿತು. ಮೇಲಿನ ಸಾಲಿನ ಪೈಪುಗಳಲ್ಲಿ ಇಡೀ ಮಳೆಗಾಲ ಒಂದು ಹನಿಯೂ ಬರಲಿಲ್ಲ. "ದಂಡಕ್ಕೆ ಹಾಕಿದ್ದು" ಅಂತ ಚಿಕ್ಕಪ್ಪ ಹೇಳುತ್ತಾರೆ. ಅಲ್ಲಿ ನೀರು ಬರಲಿಲ್ಲ ಅಂದರೆ ಹಿಂದೆ ನೀರಿನ ಮಟ್ಟ ಅಷ್ಟು ಏರಲಿಲ್ಲ ಅಂತ ತಾನೇ? ನನಗೆ ಬೇಕಾದದ್ದೂ ಅದೇ.

ಸೆಪ್ಟೆಂಬರ್‌ನಲ್ಲಿ ತೂಗುಗುಂಡು ಗುರುತಿನಿಂದ 4 ಮಿಲಿಮೀಟರ್ ಮುಂದೆ ಇತ್ತು. ಅಕ್ಟೋಬರ್‌ನಲ್ಲೂ ಅಷ್ಟೇ. ಬಲ ತುದಿಯಲ್ಲಿ ಹಳೆ ಮುರಕಲ್ಲಿನ ಗೋಡೆ ಎರಡೂವರೆ ಮೀಟರ್ ಇನ್ನೂ ಹಾಗೇ ಉಂಟು, ದುಡ್ಡು ಸಾಲದೆ ಬಿಟ್ಟದ್ದು. ಅದರ ಕಟ್ಟಿಕೊಂಡ ಪೈಪು ತೆಗೆದು, ಬುಡದಲ್ಲಿ ಎರಡು ಹೊಸ ತೂತು ಕೊರೆಸಿ, ಆ ಬದಿಯ ಕೋಣೆಯಿಂದ ಮಂಚ ತೆಗೆಸಿದ್ದೇವೆ. ಡಿಸೆಂಬರ್‌ನಲ್ಲಿ ಅದನ್ನೂ ಬಿಚ್ಚುವುದು. ಮೇಸ್ತ್ರಿಗೆ ಮುಂಗಡ ಕೊಟ್ಟಾಗಿದೆ, ಜಲ್ಲಿಯ ಲೋಡು ಎಷ್ಟು ಬೇಕು ಅಂತ ಈ ಸಲ ಅವರೇ ಲೆಕ್ಕ ಹಾಕಿ ಹೇಳಿದ್ದಾರೆ.